ಚಪ್ಪಾಳೆಯಲ್ಲೇ ಮುಗಿಯದ ಹಾಗೆ: ಧರ್ಮ ಸಮುದಾಯದಲ್ಲಿ ಕಲೆಯಿಂದ ಸಾಮಾಜಿಕ ನ್ಯಾಯದ ಕೆಲಸ ಮಾಡಲು ಹಂತ ಹಂತದ ಮಾರ್ಗದರ್ಶಿ

ಧರ್ಮ ಸಮುದಾಯಗಳಲ್ಲಿ ಒಂದೇ ಥರದ ಸೋಲು ಮತ್ತೆ ಮತ್ತೆ ಆಗುತ್ತದೆ. ಒಂದು ತಂಡ ತಿಂಗಳುಗಟ್ಟಲೆ ತಾಲೀಮು ಮಾಡಿ ಅನ್ಯಾಯದ ಬಗ್ಗೆ ನಾಟಕ ಆಡುತ್ತದೆ. ಜನ ಕಣ್ಣೀರು ಹಾಕುತ್ತಾರೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮರುವಾರ ಬಂದು ನೋಡಿದರೆ ಎಲ್ಲ ಇದ್ದ ಹಾಗೇ ಇರುತ್ತದೆ. ಇಂಥ ಕಡೆ ನಾಟಕ ಚೆನ್ನಾಗಿಯೇ ಇರುತ್ತದೆ. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ.

ಹೆಚ್ಚಿನವರು ಮೊದಲು ಕಲೆಯನ್ನು ಆರಿಸುತ್ತಾರೆ. ಆಮೇಲೆ ವಿಷಯ ಹುಡುಕುತ್ತಾರೆ. ಆ ವಿಷಯದಲ್ಲಿ ನಿಜವಾಗಿ ನೊಂದವರು ಕೊನೆಗೆ ನೆನಪಾಗುತ್ತಾರೆ, ಅದೂ ಮುಖ್ಯ ಅತಿಥಿಗಳ ಪಕ್ಕ ಒಂದು ಕುರ್ಚಿ ಹಾಕುವಾಗ. ಮೊದಲು ನೊಂದವರು, ಆಮೇಲೆ ಒಂದು ಬೇಡಿಕೆ, ಆಮೇಲೆ ಆ ಬೇಡಿಕೆಗೆ ಹೂಂ ಅನ್ನಬಲ್ಲವರು, ಅದಾದ ಮೇಲೆ ಕಲೆ: ಕ್ರಮ ಹೀಗಿರಬೇಕು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ, ಹಿಂದುಮುಂದು ಮಾಡಬೇಡಿ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಪ್ರಾರ್ಥನಾ ಮಂದಿರವನ್ನು ದಿನಾ ಗುಡಿಸಿ ಒರೆಸುವ ಕೆಲಸಗಾರರಿದ್ದಾರೆ. ಅವರಿಗೆ ವಾರದ ರಜೆ ಇಲ್ಲ, ಸಂಬಳ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬೇಕಂತಲೇ ಮನೆಯೊಳಗಿನ ವಿಷಯ ಆರಿಸಿದ್ದೇನೆ. ಹೊರಗಿನ ಅನ್ಯಾಯದ ಮೇಲೆ ದನಿ ಎತ್ತುವ ಸಮುದಾಯವನ್ನು ಜನ ಮೊದಲು ಕೇಳುವುದೇ "ನಿಮ್ಮಲ್ಲಿ ಹೇಗಿದೆ?" ಅಂತ.

## ಶುರು ಮಾಡುವ ಮುನ್ನ ಬೇಕಾದವು

8ರಿಂದ 15 ಜನರ ತಂಡ ಸಾಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆ ಅನ್ಯಾಯವನ್ನು ಸ್ವತಃ ಅನುಭವಿಸುತ್ತಿರುವವರೇ ಆಗಿರಬೇಕು. ಯಾರಿಗಾದರೂ ಮಾತಾಡುತ್ತಾ ದುಃಖ ಉಕ್ಕಿ ಬಂದರೆ ಜೊತೆಗೆ ಎದ್ದು ಹೋಗಿ ಪಕ್ಕದಲ್ಲಿ ಕೂರುವ ಒಬ್ಬರು ಇರಲಿ. ಅವರಿಗೆ ಆ ದಿನ ಬೇರೆ ಯಾವ ಜವಾಬ್ದಾರಿಯೂ ಬೇಡ.

ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ನೋಟ್‌ಬುಕ್, ವಾರಕ್ಕೊಮ್ಮೆ 2 ಗಂಟೆ. ಒಟ್ಟು 10ರಿಂದ 12 ವಾರ ಹಿಡಿಯುತ್ತದೆ. ಕೂಲಿ ಬಿಟ್ಟು ಬರುವವರಿಗೆ ಆ ಹೊತ್ತಿನ ಕೂಲಿ ಮತ್ತು ಓಡಾಟದ ಖರ್ಚು ಕೊಡಬೇಕು. "ಸೇವೆ ಅಲ್ವಾ" ಅಂತ ಇದನ್ನು ಬಿಟ್ಟರೆ ಬರುವವರು ಬಿಡುವಿರುವವರು ಮಾತ್ರ. ವೇದಿಕೆ, ಮೈಕು, ದೀಪಗಳಿಗೆ ದುಡ್ಡು ಹೊಂದಿಸುವ ಮುಂಚೆ ಇದಕ್ಕೆ ಹೊಂದಿಸಿ.

## ಹಂತ 1: ಕೇಳಿಸಿಕೊಳ್ಳಿ

ಮೊದಲ 2–3 ಭೇಟಿಗಳಲ್ಲಿ ನಾಟಕ, ಹಾಡು, ಚಿತ್ರದ ಮಾತೇ ಎತ್ತಬೇಡಿ. ಸುಮ್ನೆ ಕೂತು ಕೇಳಿ.

"ನಿಮ್ಮ ಕಷ್ಟ ಏನು?" ಅಂತ ಕೇಳಿದರೆ "ಏನೋ ನಡೀತಿದೆ" ಅನ್ನುವ ಉತ್ತರ ಬರುತ್ತದೆ. ಪ್ರಶ್ನೆ ಚಿಕ್ಕದಾಗಿ, ಒಂದು ದಿನಕ್ಕೆ ಅಂಟಿಕೊಂಡಿರಲಿ. ಹೋದ ತಿಂಗಳು ಸಂಬಳ ಕೇಳೋಕೆ ಯಾರ ಹತ್ತಿರ ಹೋದಿರಿ? ಅವರು ಕೂತಿದ್ದರಾ? ನಿಮಗೆ ಕೂರಲು ಹೇಳಿದರಾ? ನಿಮ್ಮನ್ನು ಏನಂತ ಕರೆದರು? ಮೇಜಿನ ಆ ಕಡೆ ಒಬ್ಬರು ಕುರ್ಚಿಯಲ್ಲಿ, ಈ ಕಡೆ ಒಬ್ಬರು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದು. ಮುಂದೆ ನಿಮ್ಮ ದೃಶ್ಯ ಇಂಥ ವಿವರದಿಂದಲೇ ಹುಟ್ಟುತ್ತದೆ. ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. ತಿದ್ದಿ ಚಂದ ಮಾಡಬೇಡಿ.

ಧರ್ಮಗುರುಗಳು, ಆಡಳಿತ ಮಂಡಳಿಯವರು ಈ ಭೇಟಿಗಳಲ್ಲಿ ಇರಬಾರದು. ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವರೆದುರು ಕೆಲಸಗಾರರು "ದೇವರ ಸೇವೆ, ಬೇಜಾರಿಲ್ಲ" ಅಂತಲೇ ಅನ್ನುತ್ತಾರೆ.

ಎಚ್ಚರಿಕೆಯ ಗುರುತು: 3ನೇ ಭೇಟಿಯಲ್ಲೂ ಜಾಸ್ತಿ ಮಾತಾಡುತ್ತಿರುವವರು ನೊಂದವರಲ್ಲ, ಅವರ ಪರವಾಗಿ ಬಂದವರು. ಹೀಗಾದರೆ ಮುಂದಿನ ಹಂತಕ್ಕೆ ಹೋಗಬೇಡಿ. ತಂಡವನ್ನೇ ಸಣ್ಣದು ಮಾಡಿ.

## ಹಂತ 2: ಬೇಡಿಕೆಯನ್ನು ಒಂದು ಸಾಲಿಗೆ ಇಳಿಸಿ

"ಕೆಲಸಗಾರರಿಗೆ ಗೌರವ ಸಿಗಬೇಕು" ಅನ್ನುವುದು ಆಸೆ. ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. "ಮುಂದಿನ ತಿಂಗಳಿಂದ ವಾರಕ್ಕೆ 1 ದಿನ ಸಂಬಳ ಸಹಿತ ರಜೆ, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಸಂಬಳ" ಅನ್ನುವುದು ಬೇಡಿಕೆ. ಇದಕ್ಕೆ ಆಗುತ್ತೆ, ಆಗಲ್ಲ ಅಂತ ಉತ್ತರ ಕೊಡಲೇಬೇಕಾಗುತ್ತದೆ.

ಧರ್ಮ ಸಮುದಾಯಗಳು ಜಾಸ್ತಿ ಎಡವುವುದು ಇಲ್ಲೇ. ದಾನ ನಮಗೆ ಚೆನ್ನಾಗಿ ಅಭ್ಯಾಸವಾಗಿದೆ. ನಾಟಕ ನೋಡಿ ಮನಸ್ಸು ಕರಗಿದ ತಕ್ಷಣ ಯಾರೋ ಎದ್ದು ಕೆಲಸಗಾರರಿಗೆ ಹೊಸ ಬಟ್ಟೆ ಕೊಡಿಸುತ್ತೇನೆ ಅನ್ನುತ್ತಾರೆ. ಒಳ್ಳೆಯ ಮನಸ್ಸೇ, ಬೇಡ ಅನ್ನಬೇಕಾಗಿಲ್ಲ. ಆದರೆ ರಜೆಯ ಪಟ್ಟಿ ಬದಲಾಗುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ: ಕೊಟ್ಟವರ ಮನಸ್ಸು ನಾಳೆ ಬದಲಾದರೆ ಇದು ನಿಂತುಹೋಗುತ್ತದೆಯೇ? ಹೌದು ಅಂದರೆ ಅದು ದಾನ. ನಿಮ್ಮ ಬೇಡಿಕೆ ಯಾರದೋ ಮನಸ್ಸಿನ ಮೇಲೆ ನಿಲ್ಲಬಾರದು, ನಿಯಮದ ಮೇಲೆ ನಿಲ್ಲಬೇಕು.

ಬೇಡಿಕೆಯ ಪಕ್ಕದಲ್ಲೇ ಅದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗಿದೆ ಅಂತ ಬರೆಯಿರಿ. ಖಜಾಂಚಿಯೇ, ಪೂರ್ತಿ ಮಂಡಳಿಯೇ? "ಸಮಾಜ" ಅಂತ ಬರೆದರೆ ಹಂತ ಮುಗಿದಿಲ್ಲ ಅಂತಲೇ ಅರ್ಥ.

## ಹಂತ 3: ಹಿರಿಯರ ಜೊತೆ ಮಾತು

ಕದ್ದುಮುಚ್ಚಿ ತಯಾರಿ ಮಾಡಿ ವೇದಿಕೆ ಮೇಲೆ ದಿಢೀರನೆ ತೋರಿಸುವ ಆಸೆ ಯುವಕರಿಗೆ ಇರುತ್ತದೆ. ಬೇಡ. ಎಲ್ಲರೆದುರು ಮುಖಭಂಗವಾದವರು ಒಪ್ಪುವುದು ಇನ್ನೂ ಕಷ್ಟ.

ಮಾತು ಧರ್ಮದ ಒಳಗಿನಿಂದಲೇ ಶುರುವಾಗಲಿ. ಬಡ ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮುನ್ನ ಕೊಡಬೇಕು ಅಂತ ಯಹೂದಿಗಳೂ ಕ್ರೈಸ್ತರೂ ಓದುವ ಧರ್ಮೋಪದೇಶಕಾಂಡದಲ್ಲಿದೆ. ಬೆವರು ಆರುವ ಮುಂಚೆ ಕೂಲಿ ಕೊಡಿ ಅನ್ನುವುದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರದು ಅಂತ ಮುಸ್ಲಿಮರು ಉಳಿಸಿಕೊಂಡು ಬಂದ ಮಾತು. 12ನೇ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ನಮಗೆಲ್ಲ ಗೊತ್ತೇ ಇದೆ. ನಿಮ್ಮ ಸಮುದಾಯ ತನ್ನದು ಅಂತ ಒಪ್ಪುವ ಮಾತನ್ನು ಹುಡುಕಿ ಕೈಯಲ್ಲಿಟ್ಟುಕೊಂಡು ಹೋಗಿ. ಹೊರಗಿನ ಘೋಷಣೆಗಿಂತ ಅದರ ತೂಕ ಜಾಸ್ತಿ.

ಅವರಿಂದ 3 ವಿಷಯ ಕೇಳಿ: ಜಾಗ, ಪ್ರಾರ್ಥನೆ ಮುಗಿದ ಮೇಲೆ ಒಂದೂವರೆ ಗಂಟೆ, ಮತ್ತು ಇದರಲ್ಲಿ ಭಾಗವಹಿಸಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅನ್ನುವ ಮಾತು. ಮೂರನೆಯದು ಬರಹದಲ್ಲಿರಲಿ. ಅದು ಸಿಗದಿದ್ದರೆ ಕೆಲಸಗಾರರನ್ನು ವೇದಿಕೆಗೆ ಹತ್ತಿಸಬೇಡಿ. ಹೊಟ್ಟೆಪಾಡಿನ ಪ್ರಶ್ನೆ ಅದು.

"ಮೊದಲು ಸ್ಕ್ರಿಪ್ಟ್ ತೋರಿಸಿ" ಅಂದರೆ ತೋರಿಸಿ, ಚರ್ಚೆ ಮಾಡಿ. ಆದರೆ ಯಾವ ಸಾಲು ಇರಬೇಕು ಅನ್ನುವ ಕೊನೆಯ ಮಾತು ತಂಡದ್ದೇ ಅಂತ ಮೊದಲೇ ಹೇಳಿಬಿಡಿ.

## ಹಂತ 4: ಈಗ ಕಲೆ ಆರಿಸಿ

ತಂಡದಲ್ಲಿ ಒಬ್ಬರು ಒಳ್ಳೆಯ ನಟರು ಅಂತ ನಾಟಕ ಆರಿಸುವುದು ತಪ್ಪು. ಕೇಳಬೇಕಾದ್ದು ಇಷ್ಟೇ: ನೊಂದವರಿಗೆ ಎಷ್ಟು ಅಪಾಯ ಇದೆ? ನೋಡುವವರು ಏನು ಮಾಡಬೇಕು?

ಹಾಡು. ಜನ ತುಂಬಾ ಇದ್ದು ಭಯವೂ ಜಾಸ್ತಿ ಇದ್ದಾಗ ಹಾಡು ಒಳ್ಳೆಯದು. ಒಬ್ಬರ ದನಿ ಬೇರೆಯಾಗಿ ಕೇಳುವುದಿಲ್ಲ. ಹೊಸ ರಾಗ ಕಟ್ಟಲು ಹೋಗಬೇಡಿ, ಎಲ್ಲರಿಗೂ ಬರುವ ರಾಗ ತಗೊಳ್ಳಿ. ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ 1961ರಲ್ಲಿ ಕರಿಯರ ನಾಗರಿಕ ಹಕ್ಕುಗಳ ಚಳವಳಿ ನಡೆಯುತ್ತಿದ್ದಾಗ, ಚರ್ಚ್ ಸಭೆಯೊಂದರಲ್ಲಿ ವಿದ್ಯಾರ್ಥಿನಿ ಬರ್ನೀಸ್ ಜಾನ್ಸನ್‌ಗೆ ಹಾಡಲು ಹೇಳಿದರು. ಎಲ್ಲರಿಗೂ ಗೊತ್ತಿದ್ದ ಒಂದು ಹಳೆಯ ಭಕ್ತಿಗೀತೆಯನ್ನು ಅವರು ಎತ್ತಿಕೊಂಡರು. ಅದರಲ್ಲಿ 'ಸಂಕಟ' ಅಂತಿದ್ದ ಜಾಗದಲ್ಲಿ 'ಸ್ವಾತಂತ್ರ್ಯ' ಅಂತ ಹಾಡಿದರು. ಬದಲಾಗಿದ್ದು ಒಂದೇ ಪದ, ಹಾಗಾಗಿ ಯಾರಿಗೂ ಹಾಳೆ ಹಂಚಬೇಕಾಗಲಿಲ್ಲ. ನೀವೂ ಅಷ್ಟೇ ಬದಲಿಸಿ. ಪವಿತ್ರ ಗ್ರಂಥದ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಉಳಿದ ಹಾಡುಗಳ ಬಗ್ಗೆಯೂ ಒಬ್ಬ ಹಿರಿಯರನ್ನು ಕೇಳಿ ಮುಂದುವರಿಯಿರಿ.

ಬಟ್ಟೆಯ ಮೇಲಿನ ಕಥೆ. ಬಾಯಿಬಿಟ್ಟು ಹೇಳುವುದು ಅಪಾಯ ಅಥವಾ ಸಂಕೋಚ ಅನ್ನಿಸುವ ಕಡೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಚಿಲಿ ದೇಶದಲ್ಲಿ 1973ರ ಸೇನಾ ದಂಗೆಯ ನಂತರ ಸಾವಿರಾರು ಜನರನ್ನು ಹಿಡಿದುಕೊಂಡು ಹೋದರು, ಎಷ್ಟೋ ಜನ ಕಾಣೆಯಾದರು. ಅವರ ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು ಚರ್ಚ್ ಆಸರೆಯಲ್ಲಿ ಕೂತು ಗೋಣಿ ಬಟ್ಟೆಯ ಮೇಲೆ ಚಿಂದಿಗಳನ್ನು ಹೊಲಿದು, ಆದದ್ದನ್ನು ತೋರಿಸಿದರು. ಇವನ್ನು ಅರ್ಪಿಯೆರಾ ಅನ್ನುತ್ತಾರೆ. 1976ರಲ್ಲಿ ಕ್ಯಾಥೊಲಿಕ್ ಚರ್ಚ್ ಶುರು ಮಾಡಿದ ವಿಕಾರಿಯಾ ದೆ ಲಾ ಸೊಲಿದಾರಿದಾದ್ ಸಂಸ್ಥೆ ಇವುಗಳನ್ನು ಹೊರದೇಶಗಳಿಗೆ ಕಳಿಸಿ ಮಾರಿಸಿತು. ಸುದ್ದಿಯೂ ಹೊರಬಂತು, ಮನೆಗೆ ದುಡ್ಡೂ ಬಂತು. ಕೆಲವದರ ಹಿಂಬದಿಯಲ್ಲಿ ಚಿಕ್ಕ ಜೇಬು ಹೊಲಿದು, ಒಳಗೆ ಚೀಟಿ ಇಡುತ್ತಿದ್ದರು.

ಮಾಡುವ ಬಗೆ ಸುಲಭ. ಸುಮಾರು 30 × 40 ಸೆಂ.ಮೀ. ದಪ್ಪ ಬಟ್ಟೆ ಒಬ್ಬೊಬ್ಬರಿಗೆ ಒಂದು. ಹಳೆಯ ಬಟ್ಟೆಯ ಚೂರು, ದಪ್ಪ ದಾರ, ದೊಡ್ಡ ಕಣ್ಣಿನ ಸೂಜಿ, ಬಟ್ಟೆ ಮೇಲೆ ಗೆರೆ ಎಳೆಯಲು ಸೀಮೆಸುಣ್ಣ. ಮೊದಲ ದಿನ ಜಾಗ ಹೊಲಿಯಿರಿ: ಗೋಡೆ, ಬಾಗಿಲು, ಮೆಟ್ಟಿಲು. ಎರಡನೇ ದಿನ ಜನ. ಮೂರನೇ ದಿನ ಕೈಯಲ್ಲಿರುವ ವಸ್ತುಗಳು: ಪೊರಕೆ, ಬಕೆಟ್, ಲೆಕ್ಕದ ಪುಸ್ತಕ. ಜನರನ್ನೇ ಮೊದಲು ಹೊಲಿಯಲು ಕೂತರೆ ಮುಖ ಸರಿಬರಲಿಲ್ಲ ಅಂತ ಕೈಬಿಡುತ್ತಾರೆ. ಅಕ್ಷರ ಹೊಲಿಯುವುದು ಬೇಡ, ಬರೆಯಲು ಬಾರದವರು ಹಿಂದೆ ಸರಿಯುತ್ತಾರೆ. ಹೊಲಿಯುವಾಗ ಕೈಗೆ ಕೆಲಸ ಇರುತ್ತದೆ, ಕಣ್ಣು ಬಟ್ಟೆ ಮೇಲಿರುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮೊದಲ ಹಂತದಲ್ಲಿ ಬಾರದ ಮಾತು ಎಷ್ಟೋ ಸಲ ಈಗ ಬರುತ್ತದೆ. ನೋಟ್‌ಬುಕ್ ಹತ್ತಿರ ಇರಲಿ.

ಅಳತೆ ಒಂದೇ ಇರಬೇಕು. ಏಡ್ಸ್‌ನಿಂದ ತೀರಿಕೊಂಡವರ ನೆನಪಿನ ದೊಡ್ಡ ಕೌದಿಯನ್ನು 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಪ್ರತಿಯೊಂದೂ 3 ಅಡಿಗೆ 6 ಅಡಿ, ಸುಮಾರು ಒಂದು ಸಮಾಧಿಯಷ್ಟು. ಯಾರು ಎಲ್ಲಿ ಕೂತು ಹೊಲಿದರೂ ಕೊನೆಗೆ ಜೋಡಿಸಬಹುದಾಗಿತ್ತು.

ಫೋಟೋ. ಅನ್ಯಾಯ ಕಣ್ಣಿಗೆ ಕಾಣುವಂಥದ್ದಾದರೆ ಫೋಟೋ ಸಾಕು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಹಳ್ಳಿಯ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ಅವರಿಂದ ಕಲಿಯಬೇಕಾದ ಒಂದು ವಿಷಯ: ನಿರ್ಧಾರ ಮಾಡುವವರನ್ನು ಪ್ರದರ್ಶನದ ದಿನ ಕರೆದರೆ ತಡವಾಯಿತು, ಕೇಳಿಸಿಕೊಳ್ಳುವ ಭೇಟಿಗಳು ಮುಗಿದ ಮೇಲೆ, ಫೋಟೋ ಕೆಲಸದ ಶುರುವಿನಲ್ಲೇ ಜೊತೆಗೆ ತರಬೇಕು.

ಫೋರಂ ನಾಟಕ. ಅಂದರೆ ನೋಡುವವರೇ ಎದ್ದು ಬಂದು ಕಥೆಯನ್ನು ಬದಲಿಸಲು ಪ್ರಯತ್ನಿಸುವ ನಾಟಕ. ನೋಡುವವರೂ ಸಮಸ್ಯೆಯ ಭಾಗವಾಗಿದ್ದಾಗ ಇದನ್ನು ಆರಿಸಿ. ನಮ್ಮ ಉದಾಹರಣೆಗೆ ಇದೇ ಸರಿ. ಖಜಾಂಚಿ ತಡ ಮಾಡುತ್ತಾರೆ, ಆದರೆ ಉಳಿದ ಭಕ್ತರೆಲ್ಲ ನೋಡಿಯೂ ಸುಮ್ಮನಿದ್ದಾರೆ.

## ಹಂತ 5: ಫೋರಂ ದೃಶ್ಯ ಕಟ್ಟುವುದು

ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೋಲ್ ರೂಪಿಸಿದ ವಿಧಾನ ಇದು. ಅನ್ಯಾಯ ಗೆಲ್ಲುವ ಒಂದು ಚಿಕ್ಕ ದೃಶ್ಯ ಆಡಿ ತೋರಿಸುತ್ತೀರಿ. ಆಮೇಲೆ ಅದನ್ನೇ ಮೊದಲಿಂದ ಆಡುತ್ತೀರಿ. ಈ ಸಲ ನೋಡುವವರಲ್ಲಿ ಯಾರು ಬೇಕಾದರೂ "ನಿಲ್ಲಿಸಿ" ಅನ್ನಬಹುದು, ವೇದಿಕೆಗೆ ಬಂದು ನೊಂದವರ ಪಾತ್ರ ವಹಿಸಿ ಬೇರೆ ರೀತಿ ಪ್ರಯತ್ನಿಸಬಹುದು.

ದೃಶ್ಯ 8ರಿಂದ 10 ನಿಮಿಷ ಮೀರಬಾರದು. ನಮ್ಮ ದೃಶ್ಯ ಹೀಗಿರಬಹುದು. ಪ್ರಾರ್ಥನೆ ಮುಗಿದಿದೆ. ಖಜಾಂಚಿ ಮೇಜಿನಲ್ಲಿ ಕಾಣಿಕೆ ಎಣಿಸುತ್ತಿದ್ದಾರೆ. ಕೆಲಸದಾಕೆ ಒದ್ದೆ ಬಟ್ಟೆ ಹಿಡಿದು ಬಂದು ನಿಲ್ಲುತ್ತಾಳೆ. ಅವರು ತಲೆ ಎತ್ತುವುದಿಲ್ಲ. "ಅಣ್ಣಾ, ಹೋದ ತಿಂಗಳದ್ದು..." ಅನ್ನುತ್ತಾಳೆ. "ಎಣಿಸ್ತಾ ಇದ್ದೀನಲ್ಲಮ್ಮ, ತಪ್ಪೋಗುತ್ತೆ" ಅನ್ನುತ್ತಾರೆ. ಇಬ್ಬರು ಭಕ್ತರು ಚಪ್ಪಲಿ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಳ್ಳುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಹೊರಟುಬಿಡುತ್ತಾರೆ. ಅವಳು ನೆಲ ಒರೆಸಲು ವಾಪಸ್ ಹೋಗುತ್ತಾಳೆ.

ಇಲ್ಲಿ ಖಜಾಂಚಿಯನ್ನು ರಾಕ್ಷಸ ಮಾಡಿಲ್ಲ, ನೋಡಿ. ಮೀಸೆ ತಿರುವುವ ಖಳನಾಯಕ ಬಂದರೆ ನಿಜವಾದ ಖಜಾಂಚಿ "ಅದು ನಾನಲ್ಲ" ಅಂದುಕೊಂಡು ನೆಮ್ಮದಿಯಾಗಿ ಕೂರುತ್ತಾರೆ. ಮರ್ಯಾದಸ್ಥ ಮನುಷ್ಯ, ಕೆಲಸದ ಒತ್ತಡ, ಸಣ್ಣ ಉದಾಸೀನ: ಇಷ್ಟಿದ್ದರೆ ಎಲ್ಲರಿಗೂ ತಾಗುತ್ತದೆ.

ಸೂತ್ರಧಾರರ ಮೇಲೆ ಇಡೀ ಕಾರ್ಯಕ್ರಮ ನಿಂತಿದೆ. ಅವರು ಉಪದೇಶ ಮಾಡಬಾರದು, ತೀರ್ಪು ಕೊಡಬಾರದು. ಒಬ್ಬರು ಪ್ರಯತ್ನಿಸಿದ ಮೇಲೆ "ಇದು ನಿಜವಾಗಿ ನಡೆಯುತ್ತಾ? ಇದರಿಂದ ಅವಳಿಗೆ ಏನು ಸಿಕ್ಕಿತು, ಏನು ಕಳೆದುಕೊಳ್ಳಬಹುದು?" ಅಂತ ಸಭೆಯನ್ನು ಕೇಳಿದರೆ ಸಾಕು. ಪ್ರವಚನ ಮಾಡಿ ಅಭ್ಯಾಸ ಇರುವವರನ್ನು ಈ ಜಾಗಕ್ಕೆ ಹಾಕದಿರುವುದೇ ವಾಸಿ. ಯಾರಾದರೂ ಬಂದು ಖಜಾಂಚಿ ಪಾತ್ರವನ್ನೇ ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ತಡೆಯಿರಿ. ಅದು ಪರಿಹಾರವಲ್ಲ, ಪವಾಡ.

ತಾಲೀಮಿನಲ್ಲಿ ಸಂಭಾಷಣೆ ಬಾಯಿಪಾಠ ಮಾಡಿಸಬೇಡಿ. ಸಭೆಯಿಂದ ಬಂದವರು ಏನು ಬೇಕಾದರೂ ಹೇಳಬಹುದು, ಎದುರಿನವರು ಪಾತ್ರ ಬಿಡದೆ ಉತ್ತರಿಸಬೇಕು. ಖಜಾಂಚಿ ಪಾತ್ರದವರು ಸುಲಭವಾಗಿ ಸೋಲಬಾರದು. ತಂಡದವರೇ ಸಭಿಕರಾಗಿ ಎದ್ದು ಬಂದು ಬೇರೆ ಬೇರೆ ಥರ ವಾದ ಮಾಡಿ ಅವರನ್ನು ತಯಾರು ಮಾಡಿ.

## ಹಂತ 6: ಒಪ್ಪಿಗೆ ಮತ್ತು ಅಪಾಯ

ಇಲ್ಲಿ ಅವಸರ ಮಾಡಿದರೆ ನೊಂದವರಿಗೇ ಪೆಟ್ಟು ಬೀಳುತ್ತದೆ. ಕಥೆ ಕೊಟ್ಟ ಪ್ರತಿಯೊಬ್ಬರಿಂದ 3 ಒಪ್ಪಿಗೆ ಬೇರೆ ಬೇರೆಯಾಗಿ ಕೇಳಿ: ಕಥೆ ಹೇಳಬಹುದೇ? ಹೆಸರು, ಮುಖ ತೋರಿಸಬಹುದೇ? ಆಮೇಲೆ ವಿಡಿಯೋ, ಫೋಟೋ ಹಂಚಬಹುದೇ? ಮೊದಲನೆಯದಕ್ಕೆ ಹೂಂ ಅಂದವರು ಮೂರಕ್ಕೂ ಹೂಂ ಅಂದ ಹಾಗಲ್ಲ. ಪ್ರದರ್ಶನದ ದಿನ ಬೆಳಿಗ್ಗೆ ಬೇಡ ಅಂದರೂ ಬಿಡಬೇಕು, ಕಾರಣ ಕೇಳಬಾರದು.

ಯಾರೂ ತಮ್ಮದೇ ಕಥೆಯಲ್ಲಿ ತಾವೇ ಪಾತ್ರ ಮಾಡುವುದು ಬೇಡ. ಪಾತ್ರಗಳನ್ನು ಅದಲು ಬದಲು ಮಾಡಿ. ನೋವನ್ನು ಮತ್ತೆ ಮತ್ತೆ ಬದುಕಿ ತೋರಿಸುವಂತೆ ಮಾಡುವುದು ಕ್ರೂರ. ಸಭೆ ಅಳಬೇಕು ಅನ್ನುವ ಆಸೆಗೆ ಅದನ್ನು ಬಲಿ ಕೊಡಬೇಡಿ.

ಬೋಲ್ ತಮ್ಮದೇ ಒಂದು ಅನುಭವ ಹೇಳುತ್ತಿದ್ದರು. ಅವರ ತಂಡ ಬ್ರೆಜಿಲ್‌ನ ಈಶಾನ್ಯ ಭಾಗದ ರೈತರೆದುರು, ಭೂಮಿಗಾಗಿ ರಕ್ತ ಹರಿಸೋಣ ಅಂತ ಹಾಡಿತು. ನಾಟಕ ಮುಗಿದ ಮೇಲೆ ಒಬ್ಬ ರೈತ ಬಂದು, ನಿಮ್ಮ ಬಂದೂಕು ತಗೊಂಡು ನಮ್ಮ ಜೊತೆ ಬನ್ನಿ ಅಂದ. ಬಂದೂಕುಗಳು ಮರದವು. ವೇದಿಕೆ ಮೇಲೆ ನೀವು ಬೇರೆಯವರಿಗೆ ಹೇಳುವ ಧೈರ್ಯದ ಬೆಲೆ ಯಾರು ತೆರುತ್ತಾರೆ ಅಂತ ಪ್ರತಿ ಸಾಲಿಗೂ ಕೇಳಿಕೊಳ್ಳಿ. ತೆರುವವರು ನೀವಲ್ಲದಿದ್ದರೆ ಆ ಸಾಲು ತೆಗೆಯಿರಿ.

## ಹಂತ 7: ಪ್ರದರ್ಶನದ ದಿನ

ದೃಶ್ಯಕ್ಕೆ 10 ನಿಮಿಷ ಹಿಡಿದರೆ ಅದರ ಮೇಲಿನ ಪ್ರಯತ್ನ, ಮಾತಿಗೆ 40ರಿಂದ 50 ನಿಮಿಷ ಇಡಿ. ಸ್ವಾಗತ, ವಂದನಾರ್ಪಣೆ, ಹಾರ ತುರಾಯಿಗಳಲ್ಲಿ ಈ ಹೊತ್ತು ಕರಗಿಹೋಗುತ್ತದೆ, ಅವನ್ನು ಬಿಟ್ಟುಬಿಡಿ. ಕುರ್ಚಿಗಳು ಅರ್ಧ ವೃತ್ತದಲ್ಲಿರಲಿ, ವೇದಿಕೆ ನೆಲದ ಮಟ್ಟದಲ್ಲಿರಲಿ. ಎತ್ತರದ ವೇದಿಕೆಗೆ ಜನ ಹತ್ತುವುದಿಲ್ಲ.

ಮೊದಲ ಕೆಲವು ನಿಮಿಷ ಯಾರೂ ಏಳುವುದಿಲ್ಲ. ಗಾಬರಿಯಾಗಬೇಡಿ. "ಪಕ್ಕದವರ ಜೊತೆ 2 ನಿಮಿಷ ಮಾತಾಡಿ, ಅವಳು ಬೇರೆ ಏನು ಮಾಡಬಹುದಿತ್ತು?" ಅಂತ ಹೇಳಿ. ಗದ್ದಲ ಶುರುವಾಗುತ್ತದೆ, ಆಮೇಲೆ ಒಬ್ಬರು ಕೈ ಎತ್ತುತ್ತಾರೆ.

ಎಚ್ಚರಿಕೆಯ ಗುರುತು: ಸಭೆ "ತಂಡ ಎಷ್ಟು ಚೆನ್ನಾಗಿ ಅಭಿನಯಿಸಿತು" ಅಂತ ಹೊಗಳಲು ಶುರು ಮಾಡುತ್ತದೆ. ಹೊಗಳಿಕೆ ಎಷ್ಟೋ ಸಲ ವಿಷಯದಿಂದ ಜಾರಿಕೊಳ್ಳುವ ಮರ್ಯಾದೆಯ ದಾರಿ. ಸೂತ್ರಧಾರರು ಥ್ಯಾಂಕ್ಸ್ ಹೇಳಿ ತಕ್ಷಣ ಪ್ರಶ್ನೆಗೆ ವಾಪಸ್ ಕರೆತರಲಿ.

ಕೊನೆಯಲ್ಲಿ ಕೆಲಸಗಾರರೇ ಆರಿಸಿದ ಒಬ್ಬರು ಆ ಒಂದು ಸಾಲಿನ ಬೇಡಿಕೆ ಓದಲಿ. ಮಂಡಳಿಯವರು ಅಲ್ಲೇ ಉತ್ತರ ಕೊಡಬೇಕಾಗಿಲ್ಲ. ಉತ್ತರ ಯಾವ ತಾರೀಖಿಗೆ ಅಂತ ಮಾತ್ರ ಎಲ್ಲರೆದುರು ಹೇಳಲಿ.

## ಹಂತ 8: ಮರುದಿನದಿಂದ

ಬೋಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಫೋರಂ ನಾಟಕಗಳಲ್ಲಿ ಜನ ಸೂಚಿಸಿದ್ದನ್ನು ಅವರ ತಂಡ ಬರೆದಿಟ್ಟುಕೊಳ್ಳುತ್ತಿತ್ತು. ಕಾನೂನು ಬಲ್ಲವರು ಅದನ್ನು ಮಸೂದೆಯ ಭಾಷೆಗೆ ತರುತ್ತಿದ್ದರು. ಹೀಗೆ 13 ಕಾನೂನುಗಳಾದವು. ಆದ್ದರಿಂದ ಸಭೆಯ ಮೂಲೆಯಲ್ಲಿ ಇಬ್ಬರು ಬರೆದುಕೊಳ್ಳುತ್ತಾ ಕೂತಿರಲೇಬೇಕು. ವಿಡಿಯೋ ಇದೆಯಲ್ಲ ಅಂತ ಬಿಡಬೇಡಿ. ಯಾರೂ ಅದನ್ನು ಮತ್ತೆ ನೋಡುವುದಿಲ್ಲ.

3 ದಿನದೊಳಗೆ ತಂಡ ಸೇರಿ, ಬಂದ ಸಲಹೆಗಳಲ್ಲಿ ನಿಜವಾಗಿ ನಡೆಯುವಂಥವನ್ನು ಆರಿಸಿ. ಒಂದು ವಾರದೊಳಗೆ ಬೇಡಿಕೆಯನ್ನು ಬರಹದಲ್ಲಿ ಮಂಡಳಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಮಾಡಿಸಿಕೊಳ್ಳಿ. ವೇದಿಕೆಗೆ ಬಂದು ಪ್ರಯತ್ನಿಸಿದ ಸಭಿಕರ ಮನೆಗೆ ಹೋಗಿ ಅಥವಾ ಫೋನ್ ಮಾಡಿ. ಮುಂದಿನ ಮಾತುಕತೆಗೆ ಅವರೇ ನಿಮ್ಮ ಜೊತೆಗಾರರು. ನಟರಿಗಿಂತ ಅವರ ಮಾತಿಗೆ ಮಂಡಳಿ ಹೆಚ್ಚು ಕಿವಿ ಕೊಡುತ್ತದೆ.

ಹೇಳಿದ ತಾರೀಖಿಗೆ ಉತ್ತರ ಬರದಿದ್ದರೆ ಹೊಸ ನಾಟಕ ಬರೆಯಬೇಡಿ. ಅದೇ ದೃಶ್ಯವನ್ನು ಮುಂದಿನ ಪ್ರಾರ್ಥನೆಯ ನಂತರ ಮತ್ತೆ ಆಡಲು ಅನುಮತಿ ಕೇಳಿ. ಒಪ್ಪಿಗೆ ಬಂದರೆ ಅದನ್ನು ಮಂಡಳಿಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಕೆಲಸಗಾರರ ಕೈಗೆ ಕೊಡಿ. 3 ತಿಂಗಳು ಪ್ರತಿ 6ನೇ ತಾರೀಖು ಸಂಬಳ ಬಂತಾ ಅಂತ ಅವರನ್ನೇ ಕೇಳಿ. ಬಟ್ಟೆ, ಫೋಟೋ, ಬರಹ ಏನಿದ್ದರೂ ಮಾಡಿದವರದ್ದೇ. ಮಂದಿರದ ಗೋಡೆಗೆ ಹಾಕಬೇಕೆಂದರೂ ಅವರನ್ನು ಕೇಳಿಯೇ ಹಾಕಬೇಕು.